ಬಾಯಿ ತೆರೆದ ಕೋವಿ

ನನ್ನಲ್ಲಿ ಒಂದು ಕೋವಿ ಉಂಟು ಎಂದು ಹೇಳಿದರೆ ಜನ ಮೊದಲು ನನ್ನ ಮೀಸೆ ಇರಬೇಕಾದ ಜಾಗವನ್ನು ನೋಡುತ್ತಾರೆ. ಅಲ್ಲಿ ಏನೂ ಇಲ್ಲದ್ದನ್ನು ಕಂಡು ಹೊಟ್ಟೆಯನ್ನು ನೋಡುತ್ತಾರೆ. ಅಲ್ಲಿ ಬೇಕಾದಷ್ಟು ಇರುವುದನ್ನು ಕಂಡು, "ಏರ್ ಗನ್ನಾ?" ಎಂದು ಕೇಳುತ್ತಾರೆ. ತಪ್ಪು ಅವರದ್ದಲ್ಲ. ಮೂಡುಬಿದಿರೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು, ದಿನವಿಡೀ ಕಂಡವರ ಮೂಗಿನ ಮೇಲೆ ಫ್ರೇಮು ಕೂರಿಸಿ, "ಈಗ ಕೆಳಗಿನ ಸಾಲು ಕಾಣ್ತದಾ?" ಎಂದು ಕೇಳುವ ಮನುಷ್ಯ ಬೇಟೆಗಾರನ ಹಾಗೆ ಕಾಣಬೇಕು ಎಂದರೆ ಎಲ್ಲಿಂದ ಸಾಧ್ಯ? ನಾನು ಇದುವರೆಗೆ ಹೊಡೆದುರುಳಿಸಿದ ಅತಿ ದೊಡ್ಡ ಪ್ರಾಣಿ ಜಿರಳೆ. ಅದೂ ಹಿಡಿಸೂಡಿಯಿಂದ, ಅದೂ ಒಂದೇ ಪೆಟ್ಟಿಗಲ್ಲ.

ಕೋವಿ ನನ್ನದು ಎಂದದ್ದು ಸ್ವಲ್ಪ ಅವಸರದ ಮಾತು. ಲೈಸೆನ್ಸ್ ಇರುವುದು ನನ್ನ ಸೋದರಮಾವನ ಹೆಸರಿನಲ್ಲಿ. ಅದರಲ್ಲಿ ನನ್ನ ಹೆಸರನ್ನೂ ಸೇರಿಸಿದ್ದಾರೆ, ಅಂದರೆ ನಾನು ಅದನ್ನು ಹೊತ್ತುಕೊಂಡು ಹೋಗಬಹುದು, ಒರೆಸಬಹುದು, ಅದರ ಬಗ್ಗೆ ಜಂಬ ಪಡಬಹುದು. ನಮ್ಮಲ್ಲಿ ಹಿಂದೆ ಗದ್ದೆ, ಮನೆ, ಯಜಮಾನಿಕೆ ಎಲ್ಲವೂ ಸೋದರಮಾವನಿಂದ ಸೋದರಳಿಯನಿಗೆ ಬರುತ್ತಿತ್ತು. ಕಾಲ ಬದಲಾಗಿ ಗದ್ದೆಯೂ ಮನೆಯೂ ಮಕ್ಕಳ ಕಡೆಗೆ ಹೋದವು. ಅಳಿಯನಾದ ನನ್ನ ಪಾಲಿಗೆ ಉಳಿದದ್ದು ಮಾವನ ಸಕ್ಕರೆ ಕಾಯಿಲೆಯ ಮಾತ್ರೆ ತಂದುಕೊಡುವ ಕೆಲಸ ಮತ್ತು ಈ ಕೋವಿ. ನಾನು ದೂರುವುದಿಲ್ಲ. ಗದ್ದೆಯನ್ನು ಯಾರು ಬೇಕಾದರೂ ನೋಡಬಹುದು. ಇಂಥ ಕೋವಿಯನ್ನು ನೋಡಲು ಪುಣ್ಯ ಬೇಕು.

ಮಾವ ಈಗ ಇರುವುದು ಬೆಳ್ತಂಗಡಿಯ ಪಕ್ಕದ ಲಾಯಿಲದಲ್ಲಿ, ಹೆಂಡತಿ, ಮಗಳು, ಮಗಳ ಗಂಡ, ಮೊಮ್ಮಕ್ಕಳ ಜೊತೆ. ಮನೆಯ ಒಂದು ಬದಿಗೆ ಟಯರ್ ಪಂಕ್ಚರ್ ಅಂಗಡಿ, ಇನ್ನೊಂದು ಬದಿಗೆ ಮೊಬೈಲ್ ರಿಪೇರಿ. ಈ ಎರಡರ ಗಲಾಟೆಯ ನಡುವೆ, ಟಿವಿಯ ಮೇಲಿನ ಗೋಡೆಯಲ್ಲಿ, ಎರಡು ಕೊಕ್ಕೆಗೆ ಸರಪಳಿ ಬಿಗಿದು ಬೀಗ ಹಾಕಿ ಇಟ್ಟಿದ್ದ ಕೋವಿ ಅದು.

ನಮ್ಮ ಕಡೆ ಕೋವಿ ಎಂದರೆ ಸಾಮಾನ್ಯವಾಗಿ ಹಂದಿ ಓಡಿಸಲು, ಮಂಗ ಹೆದರಿಸಲು ಇಟ್ಟುಕೊಂಡ ಒಂಟಿ ನಳಿಗೆಯದ್ದು. ಚುನಾವಣೆ ಬಂತು ಎಂದ ಕೂಡಲೇ ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಠಾಣೆಗೆ ಕೊಟ್ಟು ಬರಬೇಕು. ಫಲಿತಾಂಶ ಬಂದ ಮೇಲೆ ವಾಪಸು ತರಬೇಕು. ನಮ್ಮ ಮಂಗಗಳಿಗೆ ಪ್ರಜಾಪ್ರಭುತ್ವದ ಮೇಲೆ ಅಷ್ಟು ಅಭಿಮಾನ ಇರುವುದು ಇದೇ ಕಾರಣಕ್ಕೆ. ಆದರೆ ಮಾವನ ಕೋವಿಯ ಜಾತಿಯೇ ಬೇರೆ. ಅದು ಅಮೆರಿಕದಲ್ಲಿ ಹುಟ್ಟಿದ್ದು, ನೂರು ವರ್ಷಕ್ಕಿಂತ ಹಳೆಯದು. ಎಂಟು ಮೂಲೆಯ ನಳಿಗೆ. ನಳಿಗೆಯ ಅಡಿಯಲ್ಲಿ ತೋಟೆಗಳನ್ನು ಒಂದರ ಹಿಂದೆ ಒಂದು ತುಂಬಿಡುವ ಉದ್ದದ ಕೊಳವೆ. ಕೈ ಹಿಡಿಯುವ ಜಾಗದಲ್ಲಿ ಬೆರಳು ತೂರಿಸುವಂತೆ ಬಳೆಯಾಕಾರದ ಒಂದು ಲಿವರ್.

ಈ ಲಿವರ್ ಉಂಟಲ್ಲ, ಅದರ ಬಗ್ಗೆ ಮಾತಾಡಲು ಸುರು ಮಾಡಿದರೆ ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ನೀವಾದರೂ ಕುಳಿತುಕೊಳ್ಳಿ. ಲಿವರನ್ನು ಕೆಳಗೆ ತಳ್ಳಿದರೆ ಸುಟ್ಟುಹೋದ ತೋಟೆಯ ಚಿಪ್ಪು ಮೇಲಿನಿಂದ ಹಾರಿ ಹೋಗುತ್ತದೆ. ಅದೇ ಹೊತ್ತಿಗೆ ಹಿಂದಿನ ಸುತ್ತಿಗೆ ಬಾಗಿ ಸಿದ್ಧವಾಗುತ್ತದೆ. ಅದೇ ಹೊತ್ತಿಗೆ ಒಳಗಿನ ಹಿತ್ತಾಳೆಯ ಪುಟ್ಟ ತೊಟ್ಟಿಲೊಂದು ಹೊಸ ತೋಟೆಯನ್ನು ಹೊತ್ತು ಮೇಲೇಳುತ್ತದೆ. ಲಿವರನ್ನು ಮೇಲೆ ಎಳೆದರೆ ತೋಟೆ ನಳಿಗೆಯ ಒಳಗೆ ಹೋಗಿ ಬಾಗಿಲು ಮುಚ್ಚುತ್ತದೆ. ಒಂದು ಕೈ, ಒಮ್ಮೆ ಕೆಳಗೆ, ಒಮ್ಮೆ ಮೇಲೆ, ಇಷ್ಟೇ. ಕರೆಂಟಿಲ್ಲ, ಬ್ಯಾಟರಿಯಿಲ್ಲ, ಅಪ್‌ಡೇಟ್ ಕೇಳುವುದಿಲ್ಲ. ಕುದುರೆಯ ಮೇಲೆ ಕುಳಿತವನಿಗೆ ಒಂದೇ ಕೈ ಬಿಡುವಿರುತ್ತದೆ ಎಂಬುದನ್ನು ಯೋಚಿಸಿ ಯಾರೋ ಒಬ್ಬ ಪುಣ್ಯಾತ್ಮ ಅರ ಹಿಡಿದು ಕುಳಿತು ಇದನ್ನು ಮಾಡಿದ್ದಾನೆ. ನನ್ನ ಅಂಗಡಿಯಲ್ಲಿ ಹೊಸ ಫ್ರೇಮಿನ ತಿರುಪು ತಿಂಗಳೊಳಗೆ ಬಿದ್ದುಹೋಗುತ್ತದೆ. ಆಗೆಲ್ಲ ನಾನು ಈ ಕೋವಿಯನ್ನು ನೆನೆದು ಗಿರಾಕಿಯ ಮುಖ ನೋಡಲು ನಾಚುತ್ತೇನೆ.

ಅದು ನಮ್ಮಲ್ಲಿಗೆ ಬಂದದ್ದು ಹೇಗೆ ಎಂಬುದಕ್ಕೆ ಮಾವ ಹೇಳುವ ಕತೆ ಹೀಗೆ. ಘಟ್ಟದ ಮೇಲೆ ಕಾಫಿ ತೋಟ ಮಾಡಿದ್ದ ಬಿಳಿ ಸಾಹೇಬನೊಬ್ಬ ತನ್ನ ಊರಿಗೆ ಹೊರಟಾಗ ಮನೆಯ ಸಾಮಾನೆಲ್ಲ ಮಾರಲು ಇಟ್ಟ. ನಮ್ಮ ಹಿರಿಯರೊಬ್ಬರು ಮೂಲಮನೆಯಿದ್ದ ಮುಂಡಾಜೆಯಿಂದ ಚಾರ್ಮಾಡಿ ಘಾಟಿ ಹತ್ತಿ ಹೋದರು. ಅಲ್ಲಿ ಒಂದು ಪಿಯಾನೋ ಇತ್ತು, ಒಂದು ಕೋವಿ ಇತ್ತು. ಹಿರಿಯರು ಎರಡನ್ನೂ ಮುಟ್ಟಿ ನೋಡಿ ಕೋವಿ ತಂದರು. ಪಿಯಾನೋ ತಂದಿದ್ದರೆ ನಮ್ಮ ಮನೆತನದ ಕತೆ ಏನಾಗಿರುತ್ತಿತ್ತೋ ಎಂದು ನಾನು ಆಗಾಗ ಯೋಚಿಸುವುದುಂಟು. ಘಟ್ಟ ಇಳಿಸುವಾಗಲೇ ಮುಗಿದಿರುತ್ತಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನಗೆ ಬುದ್ಧಿ ತಿಳಿದಾಗಿನಿಂದ ಆ ಲಿವರ್ ಅಲುಗಾಡಿದ್ದನ್ನು ಯಾರೂ ಕಂಡಿರಲಿಲ್ಲ. ಅದು ಅರ್ಧಕ್ಕೆ ನಿಂತಿತ್ತು. ಕೋವಿಯ ಮೇಲ್ಗಡೆ ಬಾಯಿ ಅರೆ ತೆರೆದುಕೊಂಡೇ ಇತ್ತು. ಅದನ್ನು ದೈವ ಕಟ್ಟಿದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಮಾವನಿಗೆ ಮದುವೆಯಾಗುವ ಮೊದಲಿನ ಮಾತು. ಆಗ ಎಲ್ಲರೂ ಮುಂಡಾಜೆಯಲ್ಲಿದ್ದರು. ಕೆಡ್ಡಸದ ದಿನಗಳು. ಭೂಮಿತಾಯಿ ಮುಟ್ಟಾಗಿ ವಿಶ್ರಾಂತಿ ಪಡೆಯುತ್ತಾಳೆ ಎಂದು ನಮ್ಮಲ್ಲಿ ಆಗ ಯಾರೂ ನೆಲಕ್ಕೆ ನೇಗಿಲು ತಾಗಿಸುವುದಿಲ್ಲ, ಹಾರೆ ಹಾಕುವುದಿಲ್ಲ. ಕೆಲಸವಿಲ್ಲದ ಗಂಡಸರು ಆ ಕಾಲದಲ್ಲಿ ಬೇಟೆಗೆ ಹೋಗುತ್ತಿದ್ದರು. ಇದನ್ನು ಕಂಡರೆ ನನ್ನ ಅಜ್ಜಿಗೆ, ಅಂದರೆ ಮಾವನ ತಾಯಿಗೆ, ಆಗುತ್ತಿರಲಿಲ್ಲ. "ಮಣ್ಣಿಗೆ ನೇಗಿಲು ತಾಗಿದರೆ ಪಾಪ ಅಂತೆ, ಕಡವೆಗೆ ಗುಂಡು ತಾಗಿದರೆ ಹಬ್ಬ ಅಂತೆ" ಎಂದು ಒಲೆಯ ಮುಂದೆ ಕುಳಿತು ಗೊಣಗುತ್ತಿದ್ದರಂತೆ. ಬೇಟೆಯ ಮಾಂಸ ತಂದರೆ ಬೇಯಿಸುತ್ತಿದ್ದರು, ಬಡಿಸುತ್ತಿದ್ದರು, ತಾವು ಮುಟ್ಟುತ್ತಿರಲಿಲ್ಲ. ಅದಕ್ಕಿಂತ ಹೆಚ್ಚು ಏನೂ ಹೇಳುತ್ತಿರಲಿಲ್ಲ, ಹೇಳಿದರೆ ಕೇಳುವವರೂ ಇರಲಿಲ್ಲ.

ಬೇಟೆಗೆ ಹೊರಡುವ ಮೊದಲು ಕೋವಿಯನ್ನು ದೈವದ ಕೋಣೆಯಲ್ಲಿ ಇಡುವ ಕ್ರಮ ಇತ್ತು. ದೈವದ ಎದುರು ತುಂಬಿದ ಕೋವಿ ಇಡಬಾರದು. ಹಾಗಾಗಿ ಒಳಗೆ ಖಾಲಿ ಉಂಟು ಎಂದು ತೋರಿಸಲು ಲಿವರ್ ಕೆಳಗೆ ತಳ್ಳಿ, ಬಾಯಿ ತೆರೆದಿಡುತ್ತಿದ್ದರು. ಗಂಧ ಹಚ್ಚಿ ಕೈಮುಗಿದ ಮೇಲೆ ಎತ್ತಿಕೊಂಡು, ಬಾಯಿ ಮುಚ್ಚಿ, ಅಂಗಳಕ್ಕೆ ಬಂದು ತೋಟೆ ತುಂಬುವುದು. ಆ ದಿನವೂ ಹಾಗೆಯೇ ಆಯಿತು. ಮಧ್ಯಾಹ್ನದ ಹೊತ್ತಿಗೆ ಚಾರ್ಮಾಡಿಯ ಬುಡದಲ್ಲಿ ಮಾವನ ಎದುರು ಒಂದು ಕಡವೆ ಬಂದು ನಿಂತಿತು. ಮಾವ ಲಿವರ್ ತಳ್ಳಿದರು. ಅರ್ಧಕ್ಕೆ ನಿಂತಿತು. ಮುಂದೂ ಇಲ್ಲ, ಹಿಂದೂ ಇಲ್ಲ. ಕಡವೆ ಮಾವನನ್ನು ನೋಡಿತು, ಮಾವ ಕಡವೆಯನ್ನು ನೋಡಿದರು. ಕಡೆಗೆ ಕಡವೆಗೇ ಸಾಕೆನಿಸಿ ಅದು ನಡೆದು ಹೋಯಿತು. "ಓಡಲಿಲ್ಲ ಮಾರಾಯ, ನಡೆದು ಹೋಯಿತು" ಎಂದು ಮಾವ ಪ್ರತಿ ಸಲವೂ ಹೇಳುತ್ತಾರೆ.

ಆ ವರ್ಷದ ನೇಮದಲ್ಲಿ, ಅಂದರೆ ಮನೆಯ ದೈವಕ್ಕೆ ಕೊಡುವ ಕೋಲದಲ್ಲಿ, ದೈವ ನುಡಿ ಕೊಟ್ಟಿತು: ಕೋವಿಯನ್ನು ನಾನು ಕಟ್ಟಿದ್ದೇನೆ, ಅದರ ಸುದ್ದಿಗೆ ಹೋಗಬೇಡಿ. ಮಾವ ಅಂದೇ ಕೋವಿಯನ್ನು ಗೋಡೆಗೇರಿಸಿದರು, ಮತ್ತೆ ಬೇಟೆಗೆ ಹೋಗಲಿಲ್ಲ. ಕೋಳಿಯ ವಿಷಯದಲ್ಲಿ ದೈವ ಏನೂ ಅನ್ನದ ಕಾರಣ ಭಾನುವಾರದ ಕೋರಿರೊಟ್ಟಿಗೆ ಅಡ್ಡಿಯಾಗಲಿಲ್ಲ. ಆಮೇಲೆ ಬೇಟೆಯೇ ಕಾನೂನಿಗೆ ವಿರುದ್ಧವಾಯಿತು, ಆ ಕೋವಿಗೆ ಹೊಂದುವ ತೋಟೆ ಸಿಗುವುದೂ ನಿಂತಿತು. ಚುನಾವಣೆಗೆಂದು ಠಾಣೆಗೆ ಹೋದಾಗಲೂ ಅದರ ಬೆಡ್‌ಶೀಟನ್ನು ಯಾರೂ ಬಿಡಿಸಿ ನೋಡಲಿಲ್ಲ. ಅದು ಬಿಟ್ಟರೆ ವರ್ಷ ವರ್ಷ ಆಯುಧಪೂಜೆಗೆ ಮಾತ್ರ ಕೋವಿ ಕೆಳಗಿಳಿಯುತ್ತಿತ್ತು. ಗಂಧ, ಕುಂಕುಮ, ಅಕ್ಷತೆ, ಕೇಪಳದ ಹೂ, ಜೊತೆಗೆ ಪಿಂಗಾರ. ಪಿಂಗಾರ ಎಂದರೆ ಅಡಿಕೆ ಮರದ ಹೂಗೊಂಚಲು. ಅದಿಲ್ಲದೆ ನಮ್ಮಲ್ಲಿ ದೈವಕ್ಕೆ ಯಾವ ಸೇವೆಯೂ ನಡೆಯುವುದಿಲ್ಲ, ದೈವ ಪ್ರಸಾದ ಕೊಡುವುದೂ ಅದನ್ನೇ. ಅರೆ ಬಾಯಿ ತೆರೆದ ಕೋವಿ ಇವೆಲ್ಲವನ್ನೂ ಹಾಕಿಸಿಕೊಂಡು ಸುಮ್ಮನೆ ಮಲಗಿರುತ್ತಿತ್ತು.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಲೈಸೆನ್ಸ್ ನವೀಕರಣಕ್ಕೆ ಹೊಸ ಅಧಿಕಾರಿಯೊಬ್ಬರು ನೋಡಲು ಬಂದರು. ಹಿಂದೆ ಬರುತ್ತಿದ್ದವರು ಗೋಡೆಯ ಕಡೆ ಒಮ್ಮೆ, ಚಹಾದ ಕಡೆ ಒಮ್ಮೆ ನೋಡಿ ಹೋಗುತ್ತಿದ್ದರು. ಇವರು ಘಟ್ಟದ ಮೇಲಿನವರು, ತರುಣ, ಕೆಲಸದಲ್ಲಿ ಕಟ್ಟುನಿಟ್ಟು. ಕೋವಿಯನ್ನು ಕೆಳಗಿಳಿಸಿ ನೋಡಿ, "ಇದ್ಯಾಕೆ ಹೀಗೆ ಬಾಯಿ ಬಿಟ್ಕೊಂಡಿದೆ?" ಎಂದು ಕೇಳಿದರು.

"ಅದು ದೈವ ಕಟ್ಟಿದ್ದು" ಎಂದರು ಮಾವ.

ಅಧಿಕಾರಿ ನಗಲಿಲ್ಲ, ಅದು ಅವರ ದೊಡ್ಡ ಗುಣ. ಆದರೆ ಬಿಡಲೂ ಇಲ್ಲ. "ಯಜಮಾನ್ರೇ, ಒಳಗೆ ಖಾಲಿ ಇದೆ ಅಂತ ಹೇಗೆ ಹೇಳ್ತೀರಿ? ಬಿಡಿಸಿ, ಖಾಲಿ ಅಂತ ತೋರಿಸಿ. ಆಗಲ್ಲ ಅಂದ್ರೆ ಸರೆಂಡರ್ ಮಾಡಿಬಿಡಿ" ಎಂದು ಒಂದು ಗಡುವು ಹೇಳಿ ಹೋದರು.

ಸರೆಂಡರ್ ಆದ ಕೋವಿಗಳನ್ನು ಕಡೆಗೆ ಕತ್ತರಿಸಿ ಕರಗಿಸುತ್ತಾರೆ ಎಂದು ಯಾರೋ ಪುಣ್ಯಾತ್ಮರು ಮಾವನ ಕಿವಿಗೆ ಹಾಕಿದರು. ಮಾವ ಊಟ ಬಿಟ್ಟ ಹಾಗೆಯೇ ಆಯಿತು. ಬಿಚ್ಚಿಸಿದರೆ ದೈವದ ಮಾತು ಮೀರಿದಂತೆ; ಬಿಚ್ಚಿಸದಿದ್ದರೆ ದೈವ ಕೈಯಿಟ್ಟ ಕೋವಿ ಗುಜರಿಯ ಒಲೆಗೆ. ಎಂಬತ್ತು ದಾಟಿದ ಮನುಷ್ಯ, ಟಿವಿಯಲ್ಲಿ ಕ್ರಿಕೆಟ್ ಓಡುತ್ತಿದ್ದರೂ ಅದರ ಮೇಲಿನ ಗೋಡೆಯನ್ನೇ ನೋಡುತ್ತ ಕುಳಿತಿರುತ್ತಿದ್ದರು. ನಾನು ಮಾತ್ರೆ ಕೊಡಲು ಹೋದಾಗ, "ನೀನು ಓದಿದವನಲ್ವಾ, ಎಂತ ಮಾಡುವ ಹೇಳು" ಎಂದರು. ಆ ಧ್ವನಿ ಕೇಳಿ ನನಗೆ ಸಂಕಟವಾಯಿತು. ಅವರು ಯಾರಲ್ಲೂ ಏನನ್ನೂ ಕೇಳಿದ ಜನವಲ್ಲ.

"ದೈವದ ಹತ್ತಿರವೇ ಕೇಳುವ ಮಾವ" ಎಂದೆ. ಇಬ್ಬರೂ ಮುಂಡಾಜೆಗೆ ಹೋಗಿ, ಈಗ ಚಿಕ್ಕದೊಂದು ಗುಡಿಯಲ್ಲಿರುವ ದೈವದ ಎದುರು ತೆಂಗಿನಕಾಯಿ ಇಟ್ಟು ಅರಿಕೆ ಮಾಡಿದೆವು. ಮಾವ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತರು. ವಾಪಸು ಕಾರಿನಲ್ಲಿ ಕುಳಿತ ಮೇಲೆ ಹೇಳಿದರು: "ಬಿಚ್ಚು. ಆದರೆ ಒಳಗಿಂದ ಎಂತ ಬಂದರೂ ಬಿಸಾಡಬಾರದು. ಹುಡಿ ಸಹ ಬಿಡದೆ ನನಗೆ ತಂದು ಕೊಡಬೇಕು."

ಬಂಟ್ವಾಳದ ಹಳೇ ಪೇಟೆಯಲ್ಲಿ ಕೋವಿ ರಿಪೇರಿಗೆ ಲೈಸೆನ್ಸ್ ಇರುವ ಆಚಾರ್ರು ಒಬ್ಬರಿದ್ದಾರೆ. ಬಾಬು ಆಚಾರಿ ಎಂದು ಹೆಸರು. ವಿನಯ ಎಂಬ ಪದಾರ್ಥ ಅವರ ಅಂಗಡಿಯಲ್ಲಿ ಸಿಗುವುದಿಲ್ಲ. "ಇಲ್ಲಿಂದ ಚಾರ್ಮಾಡಿವರೆಗೆ ನನ್ನ ಕೈ ತಾಗದ ಕೋವಿ ಒಂದು ಉಂಟಾ ಕೇಳಿ" ಎಂದು ಸುರು ಮಾಡಿದವರು, ನಾನು ಬೆಡ್‌ಶೀಟು ಬಿಡಿಸಿದ ಕೂಡಲೇ ಮಾತು ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆ ಕನ್ನಡಕ ನನ್ನ ಅಂಗಡಿಯದ್ದಲ್ಲ ಎಂಬುದನ್ನು ನಾನು ಗಮನಿಸಿದೆ.

"ಇದು ಎಂತ ಸ್ವಾಮಿ, ಕೋವಿಯಾ, ಹೊಲಿಗೆ ಮೆಷಿನಾ?"

ಇಂಥದ್ದನ್ನು ಅವರು ಬಿಚ್ಚಿದವರಲ್ಲ. ನಾನಂತೂ ಯಾವ ಕೋವಿಯನ್ನೂ ಬಿಚ್ಚಿದವನಲ್ಲ. ಮೊಬೈಲಿನಲ್ಲಿ ಯಾರೋ ಇಂಥದೇ ಕೋವಿ ಬಿಚ್ಚುವ ವಿಡಿಯೊ ಹಾಕಿದ್ದ. ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತ ನಾವಿಬ್ಬರು ಕೆಲಸ ಹಿಡಿದೆವು. ಭಾನುವಾರ ಬಂತೆಂದರೆ ನಾನು ಮೂಡುಬಿದಿರೆಯಿಂದ ಬಂಟ್ವಾಳಕ್ಕೆ. ತಿರುಪುಗಳ ತಲೆಯ ಗೀರುಗಳಲ್ಲಿ ಗಂಧ ಕೂತು ಕಲ್ಲಾಗಿತ್ತು. ಸೀಮೆಎಣ್ಣೆ ಹಾಕಿ ನೆನೆಸಿ ಕಾದೆವು. ನನ್ನ ಅಂಗಡಿಯ ಸೂಜಿಯಂಥ ಸ್ಕ್ರೂಡ್ರೈವರುಗಳನ್ನು ತೆಗೆದಿಟ್ಟಾಗ ಆಚಾರ್ರು, "ಇದು ಕೋವಿಗಾ, ಕಿವಿಗಾ?" ಎಂದು ತಮಾಷೆ ಮಾಡಿದರು. ಸಂಜೆಯ ಹೊತ್ತಿಗೆ ಅವನ್ನೇ ಕೇಳಿ ಪಡೆದು ಗಂಧ ಕೆರೆಯುತ್ತಿದ್ದರು. ಆದರೆ ಒಂದು ವಿಷಯದಲ್ಲಿ ಅವರು ತಮಾಷೆ ಮಾಡಲಿಲ್ಲ. ಯಾವ ಕೋವಿಯನ್ನಾದರೂ ತುಂಬಿದ ಕೋವಿ ಎಂದೇ ತಿಳಿದು ಮುಟ್ಟಬೇಕು ಎಂದರು. ಲಿವರ್ ಹತ್ತಿರ ಹೋಗಲೇ ಇಲ್ಲ. ಮೊದಲು ನಳಿಗೆಯ ಅಡಿಯ ಕೊಳವೆಯ ತುದಿಯ ತಿರುಪು ಬಿಚ್ಚಿದರು. ಉದ್ದದ ಸ್ಪ್ರಿಂಗ್ ನಿಧಾನಕ್ಕೆ ಹೊರಗೆ ಬಂತು. ಕೊಳವೆ ಬಗ್ಗಿಸಿದಾಗ ಅದರ ಹಿಂದೆ ಮೆಲ್ಲಗೆ ಜಾರಿ ಎರಡು ತೋಟೆಗಳು ಅವರ ಅಂಗೈಗೆ ಬಂದು ಬಿದ್ದವು.

ಹಸಿರು ಕಿಲುಬು ಹಿಡಿದ, ಆದರೆ ಇಡೀ ಇದ್ದ ತೋಟೆಗಳು. ಆಚಾರ್ರು ಅಂಗೈ ಮುಚ್ಚದೆ ಹಾಗೇ ಹಿಡಿದು ನಿಂತರು. ಪಕ್ಕದ ತಗಡು ತೆಗೆದಾಗ ಇನ್ನೊಂದು ಸಿಕ್ಕಿತು, ಹಿತ್ತಾಳೆಯ ತೊಟ್ಟಿಲಲ್ಲೇ ಕುಳಿತು, ಅರ್ಧ ಮೇಲೆ ಬಂದು. ಹಿತ್ತಾಳೆಯ ಮೇಲೆ ಹಿತ್ತಾಳೆ, ಅದರ ಮೇಲೆ ಗಂಧ. ಯಾರ ಕಣ್ಣಿಗೆ ಕಾಣಬೇಕು? ಕೆಡ್ಡಸದ ದಿನ ಮಾವ ಅಂಗಳದಲ್ಲಿ ತುಂಬಿದ ತೋಟೆಗಳು ಅವು. ದೈವ ಕಟ್ಟಿದ ಮೇಲೆ ಒಳಗೆ ಏನಿದ್ದರೇನು ಎಂದು ಅವರು ಆ ಯೋಚನೆಯನ್ನೇ ಬಿಟ್ಟಿದ್ದರು.

ಆ ಕೋವಿಯ ಅಡಿಯಲ್ಲಿ ನಾವು ಎಷ್ಟು ಮಕ್ಕಳು ಮಲಗಿ ಎದ್ದಿದ್ದೇವೆ, ಎಷ್ಟು ಬಾಣಂತನ ಆಗಿದೆ, ಎಷ್ಟು ಗ್ರೂಪ್ ಫೋಟೊ ತೆಗೆದಿದ್ದೇವೆ. ಚಿಕ್ಕಂದಿನಲ್ಲಿ ಪೂಜೆಯ ದಿನ ಅದರ ನಳಿಗೆಗೆ ಕಣ್ಣಿಟ್ಟು ಒಳಗೆ ನಕ್ಷತ್ರ ಕಾಣ್ತದೆ ಎಂದು ಸುಳ್ಳು ಹೇಳಿದವನು ನಾನೇ. ಯಾರಾದರೂ ಒಬ್ಬ ಉತ್ಸಾಹಿ ನಾಲ್ಕು ಹನಿ ಎಣ್ಣೆ ಬಿಟ್ಟು ಆ ಲಿವರನ್ನು ಎಳೆದಿದ್ದರೆ ತೋಟೆ ನಳಿಗೆಗೆ ಹೋಗಿ ಕೂರುತ್ತಿತ್ತು. ಎಳೆಯಲಿಲ್ಲ, ಯಾಕೆಂದರೆ ದೈವ ಕಟ್ಟಿತ್ತು. ಇಷ್ಟು ವರ್ಷ ನಾನು ಒಳಗೊಳಗೇ ನಗುತ್ತಿದ್ದ ಒಂದು ಮಾತು ನಮ್ಮೆಲ್ಲರ ಜೀವ ಕಾದಿತ್ತು. ಈ ಯೋಚನೆ ಬಂದಾಗ ನಾನು ಆಚಾರ್ರ ಬೆಂಚಿನ ಮೇಲೆ ಕುಳಿತುಬಿಟ್ಟೆ. ಅವರು ಎದುರಿನ ಹೋಟೆಲಿಗೆ ಎರಡು ಚಹಾ ಹೇಳಿದರು.

ಆಮೇಲೆ ಒಳಗಿನದ್ದನ್ನು ತೆಗೆಯಲು ಸುರು ಮಾಡಿದೆವು. ನಾನು ತಂದಿದ್ದ ಕನ್ನಡಕದ ಡಬ್ಬಿಯೊಂದಕ್ಕೆ ಎಲ್ಲವನ್ನೂ ತುಂಬಿದೆವು. ಮೇಲೆ ಇತ್ತೀಚಿನ ವರ್ಷಗಳ ಕುಂಕುಮ, ಅದರ ಕೆಳಗೆ ಬಣ್ಣ ಹೋದ ಅಕ್ಷತೆ, ಕಾಗದದಂತಾದ ಕೇಪಳದ ಎಸಳು, ಮತ್ತೆ ಗಂಧ, ಮತ್ತೆ ಅಕ್ಷತೆ. ನನ್ನ ಮದುವೆಯ ವರ್ಷದ ಅಕ್ಕಿ ಯಾವುದು, ನಾನು ಹತ್ತನೇ ತರಗತಿಯಲ್ಲಿ ಗಣಿತಕ್ಕಾಗಿ ಹರಕೆ ಹೇಳಿಕೊಂಡು ಹಾಕಿದ ಅಕ್ಕಿ ಯಾವುದು ಎಂದು ಹುಡುಕುವ ಮನಸ್ಸಾಯಿತು. ಅದೆಲ್ಲ ಹೋದ ಮೇಲೆ ಕೆಳಗೆ ಉಕ್ಕು ಕಂಡಿತು. ಏನೆಂದು ಹೇಳಲಿ. ಮೂಡುಬಿದಿರೆಯ ಬಸದಿಯಲ್ಲಿ ಗೋಡೆಯ ಕಡೆಗೆ ಮುಖ ಮಾಡಿದ ಕಂಬದ ಹಿಂಬದಿಗೂ ಶಿಲ್ಪಿ ಉಳಿ ಹಿಡಿದದ್ದನ್ನು ನೋಡಿ ನಾನು ಎಷ್ಟೋ ಸಲ ನಿಂತದ್ದುಂಟು. ಇಲ್ಲಿಯೂ ಹಾಗೆಯೇ. ಯಾರೂ ನೋಡಲಾರದ ಒಳಗಿನ ಮೂಲೆಗಳನ್ನು ಕನ್ನಡಿಯಂತೆ ತೀಡಿದ್ದರು. ಎರಡು ಮೊಣಕಾಲು ಮಡಚಿ ಬಿಚ್ಚುವ ಹಾಗೆ ಕೀಲುಗಳು. ಗಂಧವೇ ಮುಚ್ಚಳವಾಗಿ ಕೂತು ಒಳಗಿನ ಕೀಲುಗಳಿಗೆ ತುಕ್ಕು ಹೋಗದಂತೆ ತಡೆದಿತ್ತು. ಹೊರಗೆ ಮಾತ್ರ ಒಂದು ಬದಿಯಲ್ಲಿ, ವರ್ಷವೂ ಗಂಧದ ಬೊಟ್ಟಿಡುವ ಜಾಗದಲ್ಲಿ, ಹೆಬ್ಬೆರಳಿನಷ್ಟು ಗುಂಡಗೆ ಉಕ್ಕು ತಿಂದುಹೋಗಿತ್ತು. ಆಚಾರ್ರು ಅದನ್ನು ಉಜ್ಜಿ ತೆಗೆಯುತ್ತೇನೆ ಎಂದರು. ಬೇಡ ಎಂದೆ. ಅಷ್ಟು ಜನ ಕೈಮುಗಿದ ಜಾಗಕ್ಕೆ ಮರಳುಕಾಗದ ಹೇಗೆ ಹಿಡಿಯುವುದು?

ಲಿವರ್ ಆದರೂ ಅಲುಗಾಡಲಿಲ್ಲ. ತೊಟ್ಟಿಲಿನ ಅಡಿಯಲ್ಲಿ, ಎಲ್ಲಕ್ಕಿಂತ ಕೆಳಗೆ, ಕೀಲು ತಿರುಗುವ ಸಂದಿನಲ್ಲಿ ಏನೋ ಕಚ್ಚಿಕೊಂಡಿತ್ತು. ನಾನು ಅಂಗಡಿಯ ಭೂತಗನ್ನಡಿ ಹಿಡಿದು, ಚಿಮುಟದಿಂದ ಬಹಳ ಹೊತ್ತು ಆಡಿಸಿ ಅದನ್ನು ಹೊರಗೆ ತೆಗೆದೆ. ಕಪ್ಪಗೆ, ಮೆಣಸಿನ ಕಾಳಿಗಿಂತ ಸ್ವಲ್ಪ ಉದ್ದ, ಕಲ್ಲಿನಷ್ಟು ಗಟ್ಟಿ. ಆಚಾರ್ರು ಬೆಳಕಿಗೆ ಹಿಡಿದು ನೋಡಿ, "ಪಿಂಗಾರದ ಕಾಯಿ" ಎಂದರು. ಪಿಂಗಾರದ ಗೊಂಚಲ ಬುಡದಲ್ಲಿ ಅಡಿಕೆಯಾಗಬೇಕಾದ ಗಟ್ಟಿ ಮೊಗ್ಗುಗಳಿರುತ್ತವಲ್ಲ, ಅದರಲ್ಲಿ ಒಂದು.

ಅವರು ಹೆಬ್ಬೆರಳಿನಿಂದ ಲಿವರನ್ನು ಸುಮ್ಮನೆ ಮುಟ್ಟಿದರು. ಕಟಕ್ ಎಂದು ಕೆಳಗೆ ಹೋಯಿತು. ತೊಟ್ಟಿಲು ಎದ್ದಿತು, ಸುತ್ತಿಗೆ ಬಾಗಿತು. ಕಟಕ್ ಎಂದು ಮೇಲೆ ಬಂತು. ಅಷ್ಟು ವರ್ಷ ನಿಂತದ್ದು ನಿನ್ನೆ ಸಂಜೆ ನಿಲ್ಲಿಸಿ ಹೋದ ಹಾಗೆ ನಡೆಯಿತು. "ಇನ್ನೊಮ್ಮೆ ಮಾಡ್ತೇನೆ" ಎಂದರು ಆಚಾರ್ರು. ಆಮೇಲೆ ನಾನು ಮಾಡಿದೆ. ಆಮೇಲೆ ಅವರು. ಇಬ್ಬರು ಬೆಳೆದ ಗಂಡಸರು ಚಹಾ ಆರಿಹೋಗುವವರೆಗೆ ಇದನ್ನೇ ಮಾಡುತ್ತ ಕುಳಿತಿದ್ದೆವು.

ಮರದ ಹಿಡಿಗೆ ಅಗಸೆ ಎಣ್ಣೆ ತಿಕ್ಕಿ, ನಳಿಗೆ ಒರೆಸಿ, ತೋಟೆಗಳನ್ನು ಅಧಿಕಾರಿಗೆ ಒಪ್ಪಿಸಲು ಬೇರೆ ಕಟ್ಟಿಟ್ಟುಕೊಂಡು ಲಾಯಿಲಕ್ಕೆ ಹೊರಟೆ. ದಾರಿಯುದ್ದಕ್ಕೂ ಮಾವನಿಗೆ ಹೇಳಬೇಕಾದ ಭಾಷಣ ತಯಾರು ಮಾಡಿದೆ. ದೈವವೂ ಇಲ್ಲ, ಕಟ್ಟೂ ಇಲ್ಲ, ಪೂಜೆಯ ಸಾಮಾನು ಒಳಗೆ ಬಿದ್ದದ್ದೇ ಕಾರಣ. ಎಲ್ಲಿ ಬಾಯಿ ತೆರೆದಿಟ್ಟು ಹೂ ಹಾಕುತ್ತಾರೋ ಅಲ್ಲಿ ಹೀಗೇ ಆಗುವುದು. ವಿಜ್ಞಾನದ ಮೇಷ್ಟ್ರು ಹೇಳುವ ಹಾಗೆ, ನಿಧಾನಕ್ಕೆ, ಅವರ ಮನಸ್ಸಿಗೆ ನೋವಾಗದ ಹಾಗೆ. ಜೀವ ಕಾದದ್ದು ಆ ಕಟ್ಟೇ ಎಂಬ ಬೆಂಚಿನ ಮೇಲಿನ ಯೋಚನೆ ಗುರುವಾಯನಕೆರೆ ದಾಟುವಷ್ಟರಲ್ಲಿ ಮರೆತೇಹೋಗಿತ್ತು. ಓದಿದವರ ಬೆರಗು ಬೇಗ ಆರುತ್ತದೆ ಎಂದು ಕಾಣುತ್ತದೆ.

ಭಾಷಣವನ್ನು ಮಾಡಿಯೂ ಮಾಡಿದೆ. ಮಾವ ಕೇಳಿಸಿಕೊಂಡರೋ ಇಲ್ಲವೋ. ಡಬ್ಬಿ ತೆರೆದು ಹುಡಿಯನ್ನೆಲ್ಲ ಬೆರಳಿನಿಂದ ಸರಿಸಿ ಸರಿಸಿ ನೋಡಿ, ಆ ಕಪ್ಪು ಮೊಗ್ಗನ್ನು ಎತ್ತಿಕೊಂಡರು.

"ಇದು ಎಲ್ಲಿ ಇತ್ತು?"

"ಎಲ್ಲದಕ್ಕಿಂತ ಅಡಿಯಲ್ಲಿ. ಅದೇ ಕಚ್ಚಿಕೊಂಡದ್ದು ಮಾವ. ಮತ್ತೆ ಬಿದ್ದದ್ದೆಲ್ಲ ಅದರ ಮೇಲೆ."

"ಹಾಗಾದರೆ ಇದೇ ಮೊದಲಿನದ್ದು." ಅವರು ಮೊಗ್ಗನ್ನು ಅಂಗೈಯಲ್ಲಿ ಉರುಳಿಸಿದರು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದರು: "ಕೆಡ್ಡಸದ ದಿನ ಕೋವಿಗೆ ಪಿಂಗಾರ ಇಡುವ ಕ್ರಮ ನಮ್ಮಲ್ಲಿ ಇಲ್ಲ ಮಾರಾಯ. ಬರೀ ಗಂಧ. ಅವತ್ತು ಬೆಳಿಗ್ಗೆ ಪಿಂಗಾರ ಇಟ್ಟದ್ದು ಅಮ್ಮ. ಆ ಕೋಣೆಯಲ್ಲಿ ಕೋವಿಯನ್ನು ಮುಟ್ಟಿದವರೇ ಅಲ್ಲ, ಅವತ್ತು ಬಂದು ಕೂತಿದ್ದರು. ಇದೆಂತ ಅಮ್ಮ, ಹೊಸ ಕ್ರಮ ಅಂತ ಕೇಳಿದೆ. ಹೋದ ವರ್ಷದ ನೇಮದ ಪ್ರಸಾದ, ಇರಲಿ, ನೀನು ಹೋಗಿ ಬಾ ಅಂದರು."

ನನ್ನ ವಿಜ್ಞಾನ ಬಾಯಿ ಮುಚ್ಚಿತು. ಅಜ್ಜಿ ಮಗ ಜೋಪಾನವಾಗಿ ಬರಲಿ ಎಂದು ಪ್ರಸಾದ ಇಟ್ಟರೋ, ತೆರೆದ ಬಾಯಿಯ ಒಳಗೆ ತಿರುಗುವ ಕೀಲುಗಳನ್ನು ನೋಡಿ, ಗೊಂಚಲ ಬುಡದ ಗಟ್ಟಿ ಮೊಗ್ಗೊಂದನ್ನು ಕಿತ್ತು ಒಳಗೆ ಹಾಕಿದರೋ? ಅಡಿಕೆ ಸುಲಿದು ಸುಲಿದು ಬದುಕು ಕಳೆದ ಹೆಂಗಸಿಗೆ ಪಿಂಗಾರದ ಯಾವ ಭಾಗ ಮೆತ್ತಗೆ, ಯಾವ ಭಾಗ ಗಟ್ಟಿ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಯಾರಿಗೂ ಹೇಳಲಿಲ್ಲ, ಈಗ ಕೇಳಲು ಅವರಿಲ್ಲ. ಕುದುರೆ ಸವಾರನಿಗೆಂದು ಅಮೆರಿಕದವನು ತಲೆ ಖರ್ಚು ಮಾಡಿ ಕಟ್ಟಿದ ಯಂತ್ರವನ್ನು ಮುಂಡಾಜೆಯ ಅಡುಗೆಮನೆಯ ಒಂದು ಬೆರಳು ನಿಲ್ಲಿಸಿತು. ಆ ಬೆರಳು ದೈವದ್ದೋ ಅಜ್ಜಿಯದ್ದೋ ಎಂದು ಬಿಡಿಸುವಷ್ಟು ಸಣ್ಣ ಸ್ಕ್ರೂಡ್ರೈವರ್ ನನ್ನ ಅಂಗಡಿಯಲ್ಲಿ ಇಲ್ಲ. ಮಾವನ ಕಣ್ಣು ತುಂಬಿತ್ತು, ಆದರೆ ಮುಖದಲ್ಲಿ ನಗು ಇತ್ತು. ಮೊಗ್ಗನ್ನು ಅವರು ಕಣ್ಣಿಗೆ ಒತ್ತಿಕೊಂಡರು.

"ಒಮ್ಮೆ ಎಳೆ ನೋಡುವ" ಎಂದರು. ನಾನು ಖಾಲಿ ಕೋವಿಯ ಲಿವರ್ ತಳ್ಳಿ ಎಳೆದೆ. ಮಾವ ಕಣ್ಣು ಮುಚ್ಚಿ ಕೇಳಿದರು. "ಇದೇ ಶಬ್ದ. ಅವತ್ತು ಅರ್ಧ ಕೇಳಿತ್ತು, ಉಳಿದರ್ಧ ಈಗ ಕೇಳಿತು."

ಅಧಿಕಾರಿ ಬಂದು ಬಾಯಿ ತೆರೆದು ಮುಚ್ಚಿ, ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರು. ಒಳಗಿದ್ದ ತೋಟೆಗಳನ್ನು ನಾನು ಒಪ್ಪಿಸಿದಾಗ ಅವರು ಟಿವಿಯ ಮೇಲಿನ ಗೋಡೆಯನ್ನೂ, ಅದರ ಕೆಳಗೆ ಕುಳಿತು ಕಾರ್ಟೂನ್ ನೋಡುತ್ತಿದ್ದ ಮೊಮ್ಮಕ್ಕಳನ್ನೂ ನೋಡಿ, ಕೊಟ್ಟ ಚಹಾವನ್ನು ಎರಡೇ ಗುಟುಕಿಗೆ ಮುಗಿಸಿದರು. ಲೈಸೆನ್ಸ್ ನವೀಕರಣವಾಯಿತು. ಕೋವಿ ಮನೆಯಲ್ಲೇ ಉಳಿಯಿತು. ಮಾವ ಆ ಭಾನುವಾರ ಕೋರಿರೊಟ್ಟಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡರು.

ಆಯುಧಪೂಜೆಯ ದಿನ ನಾನು ಲಾಯಿಲಕ್ಕೆ ಹೋದೆ. ಕೆಲಸ ಮಾಡುವ ಕೋವಿಗೆ ಪೂಜೆಯಾಗುವುದನ್ನು ನೋಡಬೇಕಿತ್ತು, ಸ್ವಲ್ಪ ಹೊಗಳಿಸಿಕೊಳ್ಳಲೂ ಬೇಕಿತ್ತು. ಮಾವ ಲಿವರ್ ಕೆಳಗೆ ತಳ್ಳಿ, ಒಳಗೆ ಖಾಲಿ ಉಂಟೆಂದು ನನಗೆ ತೋರಿಸಿ, ಬಾಯಿ ತೆರೆದಿಟ್ಟರು. ಮಾಮಿ, ಅಂದರೆ ಅವರ ಹೆಂಡತಿ, ಅದೇ ತಿಂದುಹೋದ ಗುಂಡನೆಯ ಜಾಗಕ್ಕೆ ಸರಿಯಾಗಿ ಗಂಧದ ಬೊಟ್ಟಿಟ್ಟರು. ಅಕ್ಷತೆ ಹಾಕುವಾಗ ನಾನು ಎಷ್ಟು ನಾಜೂಕಾಗಿ ಮೇಲೆ ಕೈಯಡ್ಡ ಹಿಡಿದೆ ಎಂದರೆ ಒಂದು ಕಾಳೂ ಒಳಗೆ ಬೀಳಲಿಲ್ಲ. ಕಡೆಗೆ ಮಾವ ಪಿಂಗಾರ ಕೈಗೆ ತೆಗೆದುಕೊಂಡರು. ಗೊಂಚಲ ಬುಡವನ್ನು ಬೆರಳಲ್ಲಿ ಹಿಸುಕಿ ಹಿಸುಕಿ ನೋಡಿ, ಒಂದು ಗಟ್ಟಿ ಮೊಗ್ಗನ್ನು ಆರಿಸಿ ಕಿತ್ತರು. ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ಅದನ್ನು ಕೋವಿಯ ಬಾಯಿಯೊಳಗೆ ಹಾಕಿದರು.

"ಮಾವ, ಎಂತ ಮಾಡ್ತೀರಿ?"

ಅವರು ಲಿವರನ್ನು ಮೇಲೆ ಎಳೆದರು. ಹಾಗೆ ಹೀಗೆ ಎರಡು ಸಲ ಆಡಿಸಿದ ಮೇಲೆ ಅದು ಅರ್ಧಕ್ಕೆ ಬಂದು ನಿಂತಿತು. ಮುಂದೂ ಇಲ್ಲ, ಹಿಂದೂ ಇಲ್ಲ. ಮಾವ ಒಮ್ಮೆ ಜಗ್ಗಿ ನೋಡಿ, ಗಟ್ಟಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ಕೈಮುಗಿದರು.

"ಮುಂದಿನ ಸಲ ಅವರು ನೋಡಲಿಕ್ಕೆ ಬರುವಾಗ ನೀನು ಬಿಚ್ಚಿ ಕೊಡು" ಎಂದರು. "ಅವರು ಹೋದ ಮೇಲೆ ಮತ್ತೆ ಕಟ್ಟಬೇಕು. ಬಿಚ್ಚಲಿಕ್ಕೆ ನಿನಗೆ ಗೊತ್ತುಂಟಲ್ಲ, ಇನ್ನು ಮೊಗ್ಗು ಆರಿಸುವುದನ್ನು ಕಲಿ. ಬಾ ಇಲ್ಲಿ, ಇದನ್ನು ಹಿಸುಕಿ ನೋಡು."

ನಾನು ಹತ್ತಿರ ಹೋಗಿ ಕುಳಿತೆ.